ಬಸಪ್ಪನೋ ಬಸಯ್ಯನೋ: ಹಳೆಯ ದಫ್ತರಗಳು ಉಳಿಯಲಿ, ಓದುವವರೂ ಸಿಗಲಿ

ಸಂಪಾದಕರಿಗೆ,

ಮಾನ್ಯರೇ,

2027ರ ಮಾರ್ಚ್ 1ನ್ನು ಆಧಾರ ದಿನವಾಗಿಟ್ಟುಕೊಂಡು ದೇಶದಲ್ಲಿ ಮತ್ತೆ ಜನಗಣತಿ ನಡೆಯಲಿದೆ ಎಂಬ ಪ್ರಕಟಣೆ ಬಂದಂದಿನಿಂದ, ನಾನು ಮನೆತನದ ಹಳೆಯ ಕಾಗದಪತ್ರಗಳ ಬೆನ್ನು ಹತ್ತಿರುವುದನ್ನು ಬಲ್ಲ ಪರಿಚಿತರು ಒಂದೇ ಪ್ರಶ್ನೆಯನ್ನು ಕೇಳುತ್ತಿದ್ದಾರೆ. ಬ್ರಿಟಿಷರ ಕಾಲದ, ನಿಜಾಮರ ಕಾಲದ ಜನಗಣತಿಯಲ್ಲಿ ಹುಡುಕಿದರೆ ನಮ್ಮ ಹಿರಿಯರ ಹೆಸರು ಸಿಗುತ್ತದೆಯೇ ಎಂಬುದು ಆ ಪ್ರಶ್ನೆ. ಸಿಗುವುದಿಲ್ಲ. ಇದನ್ನು ತಿಳಿಯಲು ನನಗೆ ಎರಡು ವರ್ಷ ಬೇಕಾಯಿತು. ನಿಜವಾಗಿ ಹೆಸರು ಸಿಗಬಹುದಾದ ದಾಖಲೆಗಳು ನಮ್ಮ ಜಿಲ್ಲೆಗಳಲ್ಲಿ ಇನ್ನೂ ಇವೆ, ಆದರೆ ಅವು ಕೈಬಿಟ್ಟು ಹೋಗುವ ಹಂತದಲ್ಲಿವೆ ಎಂಬುದನ್ನು ತಮ್ಮ ಪತ್ರಿಕೆಯ ಮೂಲಕ ಓದುಗರಿಗೂ ಕಂದಾಯ ಇಲಾಖೆಗೂ ತಿಳಿಸಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ.

ಇಂಗ್ಲೆಂಡಿನಲ್ಲಿ ನೆಲೆಸಿರುವ ನನ್ನ ಸೋದರಳಿಯನು, ಅಲ್ಲಿ 1921ರ ಜನಗಣತಿಯ ಮನೆಮನೆಯ ಹಾಳೆಗಳನ್ನು ನೂರು ವರ್ಷ ಮುಚ್ಚಿಟ್ಟು 2022ರ ಜನವರಿಯಲ್ಲಿ ಸಾರ್ವಜನಿಕರಿಗೆ ತೆರೆದರೆಂದೂ, ಯಾರು ಬೇಕಾದರೂ ತಮ್ಮ ಅಜ್ಜನ ಮನೆಯಲ್ಲಿ ಆ ದಿನ ಯಾರಾರು ಇದ್ದರೆಂದು ನೋಡಬಹುದೆಂದೂ ಫೋನಿನಲ್ಲಿ ಹೇಳಿದಾಗ ನನಗೂ ಆಸೆ ಹುಟ್ಟಿತ್ತು. ನಮ್ಮಲ್ಲಿ ಗಣತಿದಾರರು ಬರೆದ ಹಾಳೆಗಳನ್ನು ಲೆಕ್ಕ ಒಟ್ಟು ಮಾಡಿದ ಮೇಲೆ ಉಳಿಸಿಕೊಳ್ಳುವ ಪದ್ಧತಿ ಇರಲಿಲ್ಲ. ಉಳಿದದ್ದು ಮುದ್ರಿತ ಸಂಪುಟಗಳಲ್ಲಿರುವ ಮೊತ್ತಗಳು ಮಾತ್ರ. ಊರಿಗೆ ಇಷ್ಟು ಮನೆ, ಇಷ್ಟು ಗಂಡಸರು, ಇಷ್ಟು ಹೆಂಗಸರು ಎಂಬಲ್ಲಿಗೆ ಮುಗಿಯಿತು. ಸಾಲದ್ದಕ್ಕೆ 1948ರ ಜನಗಣತಿ ಕಾಯ್ದೆಯ 15ನೇ ಕಲಮಿನ ಪ್ರಕಾರ ಗಣತಿಯ ದಾಖಲೆಗಳನ್ನು ಖಾಸಗಿಯವರು ಪರಿಶೀಲಿಸುವಂತಿಲ್ಲ. 1951ರಲ್ಲಿ ಗಣತಿಯ ಚೀಟಿಗಳಿಂದ ಊರುವಾರು ಹೆಸರುಗಳನ್ನು ಎತ್ತಿ ಬರೆದು ರಾಷ್ಟ್ರೀಯ ಪೌರರ ನೋಂದಣಿ ಪುಸ್ತಕ ಮಾಡಲಾಗಿತ್ತು; ಮುಂದೆ ಅಸ್ಸಾಮಿನಲ್ಲಿ ಬಹಳ ಚರ್ಚೆಗೆ ಬಂದದ್ದು ಇದೇ ಪುಸ್ತಕ. ನಮ್ಮ ಭಾಗದ ಯಾವುದಾದರೂ ತಾಲ್ಲೂಕಿನ ಕಪಾಟಿನಲ್ಲಿ ಅದರ ಪ್ರತಿಗಳು ಉಳಿದಿದ್ದರೆ ಅವು ಚಿನ್ನಕ್ಕಿಂತ ಹೆಚ್ಚು ಬೆಲೆಯವು.

ಹಾಗೆಂದು ಜನಗಣತಿಯ ಸಂಪುಟಗಳಿಂದ ಪ್ರಯೋಜನವಿಲ್ಲವೆಂದು ನಾನು ಹೇಳಲಾರೆ. ಮನುಷ್ಯನ ಹೆಸರನ್ನು ಕೊಡದಿದ್ದರೂ ಅವನು ಊರು ಬಿಟ್ಟ ಕಾರಣವನ್ನು ಅವು ಕೊಡುತ್ತವೆ. ನಮ್ಮ ಮನೆಯಲ್ಲಿ ನಡೆದು ಬಂದ ಮಾತಿನ ಪ್ರಕಾರ ನನ್ನ ಮುತ್ತಜ್ಜ, ಅಂದರೆ ನನ್ನ ತಂದೆಯ ಅಜ್ಜ, ಧಾತು ಸಂವತ್ಸರದ ಬರದಲ್ಲಿ ಎಳೆಯ ಮಗುವಾಗಿದ್ದಾಗ ತಾಯಿಯ ಕಂಕುಳಲ್ಲಿ ಕುಳಿತು ತುಂಗಭದ್ರಾ ಹೊಳೆ ದಾಟಿ ಈ ದಂಡೆಗೆ ಬಂದವನು. ಧಾತು ಎಂದರೆ 1876–77, ಮರುವರ್ಷ ಈಶ್ವರ. ಮದ್ರಾಸ್ ಪ್ರಾಂತದಲ್ಲಿದ್ದ ಬಳ್ಳಾರಿಯಲ್ಲಿ 1871ರಲ್ಲಿ ಒಮ್ಮೆ, 1881ರಲ್ಲಿ ಮತ್ತೊಮ್ಮೆ ತಲೆ ಎಣಿಸಿದ್ದರು. ಈ ಎರಡರ ನಡುವೆ ಜಿಲ್ಲೆಯ ಜನಸಂಖ್ಯೆ ಐದರಲ್ಲಿ ಒಂದು ಪಾಲಿನಷ್ಟು ಕುಸಿದಿತ್ತು. ನದಿಯ ಈಚೆಗೆ, ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ರಾಯಚೂರು ಮತ್ತು ಕೊಪ್ಪಳದ ಸೀಮೆಯಲ್ಲಿ ಮೊದಲ ಜನಗಣತಿ ನಡೆದದ್ದೇ 1881ರಲ್ಲಿ, ಬರ ಕಳೆದ ಮೇಲೆ. ಹೀಗಾಗಿ ಆ ದಂಡೆಯಲ್ಲಿ ಎಷ್ಟು ಜನ ಕಡಿಮೆಯಾದರೆಂದು ಲೆಕ್ಕವಿದೆ, ಈ ದಂಡೆಯ ಲೆಕ್ಕ ಯಾರಲ್ಲಿಯೂ ಇಲ್ಲ. ಆ ಅಂಕಿಗಳನ್ನು ಮೊದಲ ಸಲ ಓದಿದ ದಿನ, ಬರದ ವಿಷಯ ಬಂದಾಗಲೆಲ್ಲ ನಮ್ಮ ಅಜ್ಜಿ ಏಕೆ ಮಾತು ನಿಲ್ಲಿಸಿಬಿಡುತ್ತಿದ್ದಳೆಂದು ನನಗೆ ಅರ್ಥವಾಯಿತು.

ಮುತ್ತಜ್ಜನ ಹೆಸರು ಬಸಪ್ಪ. ನಮ್ಮ ಕಡೆ ಮೊಮ್ಮಗನಿಗೆ ಅಜ್ಜನ ಹೆಸರಿಡುವುದರಿಂದ ನನ್ನ ತಂದೆಯೂ ಬಸಪ್ಪನೇ. ಹುಡುಕಾಟದ ಮೊದಲ ತೊಡಕು ಇಲ್ಲಿಯೇ ಬಂದಿತು. ಮನೆಯಲ್ಲಿ ಒಂದು ತಾಮ್ರದ ಕೊಡವಿದ್ದು, ಅದರ ಕಂಠದ ಮೇಲೆ ‘ಬಸಪ್ಪ’, ‘ಜಯ ಸಂ.’, ‘ನಾ. ಕೆರೆ’ ಎಂದು ಚುಕ್ಕೆ ಹೊಡೆದು ಕೊರೆಸಲಾಗಿದೆ. ಸಂವತ್ಸರದ ಹೆಸರು ಅರವತ್ತು ವರ್ಷಕ್ಕೊಮ್ಮೆ ಮರಳಿ ಬರುತ್ತದೆ. ಜಯ ಸಂವತ್ಸರ 1894–95ರಲ್ಲಿಯೂ ಇತ್ತು, 1954–55ರಲ್ಲಿಯೂ ಇತ್ತು, ಮತ್ತು ನನ್ನ ತಂದೆಯ ಮದುವೆಯಾದದ್ದು ಆ ಎರಡನೆಯ ಜಯದಲ್ಲಿ. ಆದ್ದರಿಂದ ಕೊಡವು ತಂದೆಯ ಮದುವೆಯದೆಂದೇ ನಾವೆಲ್ಲ ತಿಳಿದಿದ್ದೆವು. ತೊಂಬತ್ತರ ಹತ್ತಿರವಿದ್ದ ನನ್ನ ತಾಯಿಯನ್ನು ಕೇಳಿದಾಗ, ‘ನಾ ಈ ಮನಿ ತುಂಬೂಕಿಂತ ಮೊದಲ ಅದು ಬಚ್ಚಲದಾಗ ಇತ್ತು, ನಮ್ಮ ತವರವ್ರು ಕೊಟ್ಟಿದ್ದು ಹಿತ್ತಾಳಿ ಹಂಡೆ’ ಎಂದು ಒಂದೇ ಮಾತಿನಲ್ಲಿ ಹೇಳಿಬಿಟ್ಟಳು. ಕೊಡವು ಅರವತ್ತು ವರ್ಷ ಹಿಂದಕ್ಕೆ ಹೋಯಿತು, ಜೊತೆಗೆ ಮುತ್ತಜ್ಜನ ಮದುವೆಯ ವರ್ಷವೂ ಸಿಕ್ಕಿತು. ಯಾವ ಕಚೇರಿಯಲ್ಲಿಯೂ ಸಿಗದಿದ್ದ ವಿವರವನ್ನು ಆಕೆ ಅದುವರೆಗೆ ಹೇಳಿರಲಿಲ್ಲ, ಏಕೆಂದರೆ ಯಾರೂ ಕೇಳಿರಲಿಲ್ಲ.

ಎರಡನೆಯ ತೊಡಕು ಇದಕ್ಕಿಂತ ದೊಡ್ಡದು. ಆಗ ಕೊಪ್ಪಳವು ಹೈದರಾಬಾದಿನ ದಿವಾನರ ಮನೆತನವಾದ ಸಾಲಾರ್ ಜಂಗರ ಜಹಗೀರಾಗಿತ್ತು, ಕಾಗದಪತ್ರವೆಲ್ಲ ಉರ್ದುವಿನಲ್ಲಿ ನಡೆಯುತ್ತಿತ್ತು. ಜಹಗೀರುಗಳು 1949ರಲ್ಲಿ ರದ್ದಾದವು; 1956ರಲ್ಲಿ ಈ ಭಾಗ ಮೈಸೂರು ರಾಜ್ಯಕ್ಕೆ ಸೇರಿತು; 1997ರಲ್ಲಿ ಕೊಪ್ಪಳ ರಾಯಚೂರಿನಿಂದ ಬೇರೆಯಾಯಿತು. ಗಡಿ ಬದಲಾದ ಹಾಗೆಲ್ಲ ದಫ್ತರದ ಗಂಟುಗಳೂ ಮನೆ ಬದಲಾಯಿಸಿದವು. ಒಂದು ಕಚೇರಿಯ ರಿಕಾರ್ಡ್ ರೂಮಿನಲ್ಲಿ ನನಗೆ ಸಿಕ್ಕಿದ್ದು ನಮ್ಮ ಊರಿನ ಸೇತ್ವಾರಿನ, ಅಂದರೆ ಸರ್ವೆ ನಂಬರುವಾರು ಹೊಲಗಳನ್ನು ಬರೆದ ಪುಸ್ತಕದ, ಕನ್ನಡ ನಕಲು. ನಮ್ಮ ಹಿರಿಯರು ಉಳುತ್ತಿದ್ದ ಹೊಲದ ಸರ್ವೆ ನಂಬರಿನ ಎದುರು ಅದರಲ್ಲಿ ಬಸಯ್ಯನೆಂಬ ಹೆಸರಿತ್ತು. ನಮ್ಮ ಸೀಮೆಯಲ್ಲಿ ಅಯ್ಯ ಎಂದು ಮುಗಿಯುವ ಇಂಥ ಹೆಸರು ಸಾಮಾನ್ಯವಾಗಿ ಜಂಗಮರ ಮನೆಯದು; ನಮ್ಮದು ಒಕ್ಕಲುತನದ ಮನೆ. ಹೊಲವು ಮುತ್ತಜ್ಜನ ಕಾಲದ್ದಲ್ಲ, ಮುಂದೆ ಯಾರಿಂದಲೋ ಕೊಂಡದ್ದಿರಬೇಕೆಂದು ತಿಳಿದು ಒಂದು ವರ್ಷ ಕ್ರಯಪತ್ರಕ್ಕಾಗಿ ಉಪನೋಂದಣಿ ಕಚೇರಿಯ ಹೆಸರಿನ ಸೂಚಿಗಳನ್ನು ತಿರುವಿ ಹಾಕಿದೆ. ಅಂಥ ಕ್ರಯಪತ್ರ ಇರಲೇ ಇಲ್ಲ.

ಕೊನೆಗೆ ನಿಜಾಮರ ಕಾಲದಲ್ಲಿ ಉರ್ದು ಮಾಧ್ಯಮದಲ್ಲಿ ಓದಿದ ಹಿರಿಯರೊಬ್ಬರ ಬಳಿ ಮೂಲದ ಹಾಳೆಯ ಜೆರಾಕ್ಸ್ ಒಯ್ದೆ. ಅವರು ಹೇಳಿದ್ದನ್ನು ಎಲ್ಲರೂ ತಿಳಿಯಬೇಕೆಂದು ವಿವರವಾಗಿ ಬರೆಯುತ್ತೇನೆ. ಉರ್ದು ಲಿಪಿಯಲ್ಲಿ ಬಸಪ್ಪ ಎಂದು ಬರೆಯುವಾಗ ನಡುವೆ ‘ಪೆ’ ಅಕ್ಷರ ಬರುತ್ತದೆ, ಬಸಯ್ಯ ಎಂದು ಬರೆಯುವಾಗ ‘ಯೆ’ ಬರುತ್ತದೆ. ಪದದ ಮಧ್ಯದಲ್ಲಿ ಇವೆರಡಕ್ಕೂ ಒಂದೇ ಆಕಾರದ ಸಣ್ಣ ಹಲ್ಲು. ವ್ಯತ್ಯಾಸವಿರುವುದು ಅಡಿಯ ಚುಕ್ಕೆಗಳಲ್ಲಿ ಮಾತ್ರ. ‘ಪೆ’ಗೆ ಮೂರು, ‘ಯೆ’ಗೆ ಎರಡು. ಅವಸರದ ಕೈಬರಹದಲ್ಲಿ ಊರಿನ ಲೆಕ್ಕ ಬರೆಯುವ ಪಟವಾರಿಯು ಚುಕ್ಕೆಗಳನ್ನು ಒಂದು ಗೀರಾಗಿ ಎಳೆದುಬಿಟ್ಟರೆ, ಮುಂದೆ ನಕಲು ಮಾಡುವವನಿಗೆ ಬಸಪ್ಪನು ಬಸಯ್ಯನಾಗಿ ಕಾಣುತ್ತಾನೆ. ಆ ಹಿರಿಯರು ಹೆಸರನ್ನು ಅಷ್ಟಕ್ಕೇ ಬಿಡದೆ, ಮುಂದಿದ್ದ ‘ವಲ್ದ್’ (ಮಗ) ಎಂಬ ಪದದ ನಂತರದ ತಂದೆಯ ಹೆಸರನ್ನು ಓದಿದರು. ಅದು ನಮ್ಮ ಮನೆಯಲ್ಲಿ ಇಂದಿಗೂ ಹಿರಿಯರ ಪೂಜೆಯಲ್ಲಿ ಹೇಳುವ ಹೆಸರು. ಫಸ್ಲಿ ಎಂಬ ಕಂದಾಯ ವರ್ಷದ ಲೆಕ್ಕದಲ್ಲಿ 1331ರ, ಅಂದರೆ 1921–22ರ, ವಸೂಲಿ ಪುಸ್ತಕದಲ್ಲಿಯೂ ಅದೇ ತಂದೆ, ಅದೇ ಹೊಲ, ಚುಕ್ಕೆ ಮಾತ್ರ ಈ ಸಲ ಮೂರೂ ಸ್ಪಷ್ಟ. ನಾನು ಒಂದು ವರ್ಷ ಹುಡುಕಿದ ಮನುಷ್ಯ ಮೊದಲ ದಿನವೇ ನನ್ನ ಕೈಗೆ ಬಂದಿದ್ದ, ಒಂದು ಚುಕ್ಕೆಯ ಕೊರತೆಯಿಂದ ಗುರುತು ಸಿಗದೆ ಹೋಗಿದ್ದ.

ಫಸ್ಲಿಯ ವಿಷಯದಲ್ಲಿಯೂ ಒಂದು ಎಚ್ಚರಿಕೆ ಅಗತ್ಯ. ಹೈದರಾಬಾದಿನ ಫಸ್ಲಿ ವರ್ಷವು ಆಜೂರ್ ಮಾಸದಿಂದ, ಅಂದರೆ ಅಕ್ಟೋಬರದ ಮೊದಲ ವಾರದಿಂದ ಆರಂಭವಾಗುತ್ತಿತ್ತು. ಮದ್ರಾಸ್ ಪ್ರಾಂತದ್ದು ಜುಲೈ 1ರಿಂದ. ಫಸ್ಲಿಗೆ 590 ಸೇರಿಸಿದರೆ ಅದು ಆರಂಭವಾದ ಇಸವಿ ಬರುತ್ತದೆ, ಆದರೆ ಹೊಳೆಯ ಎರಡು ದಂಡೆಗಳ ನಡುವೆ ಮೂರು ತಿಂಗಳ ವ್ಯತ್ಯಾಸ ಉಳಿಯುತ್ತದೆ. ಬಳ್ಳಾರಿ ಕಡೆಯ ಕಾಗದದಲ್ಲಿ ‘ಬಿನ್’ ಎಂದಿದ್ದರೆ ಈ ಕಡೆ ‘ವಲ್ದ್’. ಅಲ್ಲಿ ಕರಣಂ, ಇಲ್ಲಿ ಪಟವಾರಿ.

ಉಳಿದದ್ದು ಕೊಡದ ಮೇಲಿನ ‘ನಾ. ಕೆರೆ’. ಇದು ನಾರಾಯಣದೇವರಕೆರೆ ಇರಬೇಕೆಂದು ನನ್ನ ಊಹೆ. ತುಂಗಭದ್ರಾ ಅಣೆಕಟ್ಟೆಯ ಹಿನ್ನೀರಿನಲ್ಲಿ ಮುಳುಗಿದ ಊರುಗಳಲ್ಲಿ ಅದೂ ಒಂದು. ಅಲ್ಲಿಯ ಜನ ಎದ್ದು ಬಂದು ಮರಿಯಮ್ಮನಹಳ್ಳಿಯಲ್ಲಿ ನೆಲೆಸಿದರು. ಆ ಊರು ಮದ್ರಾಸಿನಲ್ಲಿತ್ತು, 1953ರಲ್ಲಿ ಬಳ್ಳಾರಿಯೊಡನೆ ಮೈಸೂರಿಗೆ ಬಂದಿತು, ಈಗ ಮರಿಯಮ್ಮನಹಳ್ಳಿ ಇರುವುದು ವಿಜಯನಗರ ಜಿಲ್ಲೆಯಲ್ಲಿ. ಮುಳುಗಡೆಯ ಸಮಯದಲ್ಲಿ ಪರಿಹಾರ ಕೊಡಲು ಮನೆ ಮತ್ತು ಹೊಲಗಳ ಒಡೆಯರ ಹೆಸರು ಬರೆದ ಅವಾರ್ಡ್ ಪಟ್ಟಿಗಳನ್ನು ಮಾಡಿದ್ದರು. ನೀರಿನಡಿ ಹೋದ ಊರಿಗೆ ಅದೇ ಕೊನೆಯ ಮನೆಮನೆಯ ಲೆಕ್ಕ. ಮದುವೆಯ ಕೊಡವನ್ನು ಹೆಣ್ಣಿನ ತವರಿನವರು ಕೊಡುವುದು ನಮ್ಮ ರೂಢಿಯಾದ್ದರಿಂದ, ಆ ಊರು ಮುತ್ತಜ್ಜನದಾಗಿರದೆ ಮುತ್ತಜ್ಜಿಯದಾಗಿರಬಹುದು ಎಂಬುದು ನನಗೆ ತಡವಾಗಿ ಹೊಳೆಯಿತು. ಆಕೆಯ ಹೆಸರು ನಮಗೆ ಗೊತ್ತಿಲ್ಲ. ಹೊಲದ ಕಾಗದದಲ್ಲಿ ಆಕೆ ಇಲ್ಲ. ಹಳೆಯ ಜನಗಣತಿಗಳಲ್ಲಿ, ಮನೆಯ ಹೆಂಗಸರ ಹೆಸರು ಹೇಳಲು ಯಜಮಾನನು ಒಪ್ಪದಿದ್ದರೆ ಆ ಜಾಗದಲ್ಲಿ ‘ಹೆಂಗಸು’ ಎಂದಷ್ಟೇ ಬರೆಯಬಹುದೆಂದು ಗಣತಿದಾರರಿಗೆ ಸೂಚನೆಯಿತ್ತು. ಹಾಳೆಗಳು ಉಳಿದಿದ್ದರೂ ಆಕೆ ಸಿಗುತ್ತಿದ್ದಳೆಂಬ ಭರವಸೆಯಿಲ್ಲ. ಸುಗ್ಗಿ ಮುಗಿದ ಮೇಲೆ ಮನೆ ಬಾಗಿಲಿಗೆ ಬಂದು ವಂಶಾವಳಿ ಓದುವ ನಮ್ಮ ಹೆಳವರ ಪುಸ್ತಕದಲ್ಲಿ ಮುತ್ತಜ್ಜನ ತಂದೆ, ಆತನ ಇಬ್ಬರು ಅಣ್ಣಂದಿರು, ಮೂಲಪುರುಷನವರೆಗೆ ಏಳು ತಲೆಮಾರು ಸರಿಯಾಗಿ ಬಂದವು. ಆ ಪುಸ್ತಕದಲ್ಲಿ ನಮ್ಮ ಮನೆತನಕ್ಕೆ ಬಂದ ಸೊಸೆಯರ ಹೆಸರು ಒಂದೂ ಇರಲಿಲ್ಲ. ಹೆಳವರ ಈಗಿನ ಮಕ್ಕಳು ಬೇರೆ ಉದ್ಯೋಗ ಹಿಡಿದಿದ್ದಾರೆ. ಪುಸ್ತಕದ ಅಂಚುಗಳನ್ನು ಗೆದ್ದಲು ತಿಂದಿದೆ, ಪುಟ ತಿರುವುವಾಗ ಅದನ್ನು ಓದಿದ ಹೆಳವನ ಕೈ ನಡುಗುತ್ತಿತ್ತು.

ಈಗ ನನ್ನ ಬೇಡಿಕೆ. ರಾಜ್ಯ ಸರ್ಕಾರವು ಭೂ ಸುರಕ್ಷಾ ಯೋಜನೆಯಡಿ ತಾಲ್ಲೂಕು ಕಚೇರಿಗಳ ಹಳೆಯ ಭೂದಾಖಲೆಗಳನ್ನು ಸ್ಕ್ಯಾನ್ ಮಾಡಿಸುತ್ತಿರುವುದು ನಿಜಕ್ಕೂ ಮೆಚ್ಚಬೇಕಾದ ಕೆಲಸ. ಆದರೆ ಹೊಲಕ್ಕೆ ಸಂಬಂಧಿಸದ ಪುಸ್ತಕಗಳು ಅದೇ ಕೋಣೆಗಳ ಮೂಲೆಯಲ್ಲಿವೆ. ಪೊಲೀಸ್ ಪಾಟೀಲರು ಬರೆಯುತ್ತಿದ್ದ ಜನನ ಮರಣದ ಹಳೆಯ ವಹಿಗಳು, ಮುಳುಗಡೆಯ ಅವಾರ್ಡ್ ಪಟ್ಟಿಗಳು, 1951ರ ಪೌರರ ನೋಂದಣಿ ಎಲ್ಲಾದರೂ ಉಳಿದಿದ್ದರೆ ಅದು, ಇವನ್ನೂ ಅದೇ ಯಂತ್ರದ ಕೆಳಗೆ ಇಡಬೇಕು. ನಿರುಪಯೋಗಿ ಕಾಗದವೆಂದು ವಿಲೇವಾರಿ ಮಾಡಬಾರದು. ಶಾಲೆಗಳ ದಾಖಲಾತಿ ವಹಿಗಳಿಗೂ ಈ ಮಾತು ಸಲ್ಲುತ್ತದೆ. ಮೂವತ್ತು ವರ್ಷ ಶಿಕ್ಷಕನಾಗಿದ್ದ ನಾನು, ಊರಿನ ಅರ್ಧ ಜನರ ತಂದೆಯ ಹೆಸರು ಮೊದಲ ಸಲ ಬರಹಕ್ಕೆ ಇಳಿದದ್ದು ಆ ವಹಿಗಳಲ್ಲಿ ಎಂಬುದನ್ನು ಬಲ್ಲೆ.

ಇನ್ನೊಂದು ಮಾತು ಅವಸರದ್ದು. ಸ್ಕ್ಯಾನ್ ಮಾಡಿದ ಉರ್ದು ಹಾಳೆಯನ್ನು ಓದುವವರು ಇಲ್ಲದಿದ್ದರೆ ಅದು ಚಿತ್ರವಾಗಿ ಉಳಿಯುತ್ತದೆ. ಕೊಪ್ಪಳ ಮತ್ತು ರಾಯಚೂರು ಜಿಲ್ಲೆಗಳಲ್ಲಿ ಆ ಕಾಲದ ಕಂದಾಯದ ಕೈಬರಹವನ್ನು ಓದಬಲ್ಲವರು ಈಗ ಎಂಬತ್ತು ದಾಟಿದ್ದಾರೆ. ಅವರನ್ನು ಗೌರವಧನ ಕೊಟ್ಟು ಕರೆಸಿ, ಉರ್ದು ಬಲ್ಲ ಯುವಕ ಯುವತಿಯರನ್ನು ಪಕ್ಕದಲ್ಲಿ ಕೂರಿಸಿ, ಊರುವಾರು ಹೆಸರಿನ ಸೂಚಿಗಳನ್ನು ಕನ್ನಡದಲ್ಲಿ ಮಾಡಿಸಬೇಕು. ಸೂಚಿಯ ಪಕ್ಕದಲ್ಲಿ ಮೂಲ ಹಾಳೆಯೂ ಕಾಣುವಂತಿರಬೇಕು, ಏಕೆಂದರೆ ತಪ್ಪು ಓದು ಮುಂದಿನವರಿಗೆ ತಿಳಿಯುವುದು ಮೂಲ ಕಣ್ಣೆದುರಿಗಿದ್ದಾಗ ಮಾತ್ರ. ಹೆಳವರ ಪುಸ್ತಕಗಳನ್ನು, ಅವರ ಒಪ್ಪಿಗೆ ಪಡೆದು, ಅವರ ಕೈಯಿಂದ ಕಸಿದುಕೊಳ್ಳದೆ ಪ್ರತಿ ಮಾಡಿಕೊಳ್ಳುವ ಕೆಲಸವನ್ನು ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಕೈಗೆತ್ತಿಕೊಳ್ಳಬಹುದು. ನನಗೆ ಇದು ಮನಸ್ಸಿನ ಹಂಬಲ. ಪೌತಿ ಖಾತೆಗಾಗಿ, ಜಾತಿ ಪ್ರಮಾಣಪತ್ರಕ್ಕಾಗಿ, ಕಲ್ಯಾಣ ಕರ್ನಾಟಕದವರಿಗಿರುವ 371ಜೆ ಮೀಸಲಾತಿಯ ಅರ್ಹತೆಯ ಪತ್ರಕ್ಕಾಗಿ ಅಜ್ಜನ ಹೆಸರು ಹಿಡಿದು ಕಚೇರಿಯಿಂದ ಕಚೇರಿಗೆ ಅಲೆಯುವವರಿಗೆ ಒಂದು ಚುಕ್ಕೆಯ ತಪ್ಪು ಹತ್ತು ವರ್ಷದ ವ್ಯಾಜ್ಯವಾಗುತ್ತದೆ.

ನಾರಾಯಣದೇವರಕೆರೆಯಿಂದ ಎದ್ದು ಬಂದ ಮನೆತನಗಳವರು ಯಾರಾದರೂ ಇದನ್ನು ಓದಿದರೆ, ತಮ್ಮ ಮನೆಯ ಹಳೆಯ ತಾಮ್ರ ಹಿತ್ತಾಳೆಯ ಪಾತ್ರೆಗಳ ಮೇಲೆ ‘ನಾ. ಕೆರೆ’ ಎಂಬ ಗುರುತಿದೆಯೇ, 1894ರ ಸುಮಾರಿಗೆ ಹೊಳೆಯಾಚೆ ಕೊಪ್ಪಳದ ಸೀಮೆಗೆ ಮಗಳನ್ನು ಕೊಟ್ಟ ನೆನಪು ತಮ್ಮ ಹಿರಿಯರಲ್ಲಿ ಇದೆಯೇ ಎಂದು ವಿಚಾರಿಸಿ, ಈ ಅಂಕಣಕ್ಕೆ ಒಂದು ಸಾಲು ಬರೆಯಬೇಕೆಂದು ಕೋರುತ್ತೇನೆ.

ಇತಿ,
ತಮ್ಮ ವಿಶ್ವಾಸಿ,
ನಿವೃತ್ತ ಶಿಕ್ಷಕ, ಕೊಪ್ಪಳ ತಾಲ್ಲೂಕು