31 ವರ್ಷ ಪಾರ್ಕ್ ಡಿಸೈನ್ ಮಾಡಿದ್ದಾಯ್ತು, ಎಲ್ರಿಗೂ ಒಂದು ಥ್ಯಾಂಕ್ಸ್

ಶುಕ್ರವಾರ ಕೊನೇ ಡ್ರಾಯಿಂಗ್‌ಗೆ ಸೈನ್ ಹಾಕಿ ಆಫೀಸ್ ಕೀ ವಾಪಸ್ ಕೊಟ್ಟು ಬಂದೆ. ಸೆಂಡಾಫ್‌ನಲ್ಲಿ ಮೈಕ್ ಕೈಗೆ ಕೊಟ್ರೆ ಗಂಟಲು ಕಟ್ಕೊಂಡು ಎರಡು ಮಾತೂ ಬರ್ಲಿಲ್ಲ, ಅದಕ್ಕೇ ಇಲ್ಲಿ ಬರೀತಿದ್ದೀನಿ, ಉದ್ದ ಆದ್ರೆ ಸಹಿಸ್ಕೊಳ್ಳಿ.

ಮೊದಲು ನೆನೀಬೇಕಾದ್ದು ನನ್ನ ಮೊದಲನೇ ಪಾರ್ಕಿನ ಹೆಡ್ ಮಾಲಿಯವರನ್ನ. ನೆಟ್ಟು ಎರಡು ವರ್ಷಕ್ಕೆ ಮರಗಳು ಸಾಲಾಗಿ ಸೊರಗೋಕೆ ಶುರುವಾದ್ವು, ನಾನು ನೀರು ಸರಿಯಾಗಿ ಬಿಡ್ತಿಲ್ಲ ಅಂತ ಅವರ ಮೇಲೇ ರೇಗಾಡಿದೆ. ಅವರು ಮಾತಾಡ್ಲೇ ಇಲ್ಲ, ಕುಕ್ಕರುಗಾಲಲ್ಲಿ ಕೂತು ಬರಿಗೈಲಿ ಬುಡದ ಮಣ್ಣು ಕೆದಕ್ತಾ ಹೋದ್ರು. ಒಂದು ಗೇಣು ಕೆಳಗೆ ಕಾಂಡ ಅಗಲ ಆಗಿ ಬೇರಾಗೋ ಜಾಗ ಸಿಕ್ತು, ಅಲ್ಲಿ ತೊಗಟೆ ಕಪ್ಪಾಗಿ ಮೆತ್ತಗಾಗಿತ್ತು. "ಕುತ್ತಿಗೆವರ್ಗೂ ಹೂತುಬಿಟ್ಟು ನೀರು ಕುಡಿ ಅಂದ್ರೆ ಹೆಂಗ್ ಮೇಡಂ?" ಅಂದ್ರು, ಅಷ್ಟೇ. ಗುಂಡಿ ಆಳ ಬರೆದಿದ್ದು ನಾನೇ! ಮರದ ಬೇರು ಬಹುಪಾಲು ಮೇಲಿನ 60 ಸೆಂ.ಮೀ. ಮಣ್ಣಲ್ಲೇ ಹರಡೋದು, ಗುಂಡಿ ಆಳಕ್ಕಿಂತ ಅಗಲ ಮುಖ್ಯ ಅಂತ ಓದಿದ್ದೆ, ಆದ್ರೆ ಕಲಿತಿದ್ದು ಅವತ್ತು. ಅವರಿಗೆ ಅವತ್ತೇ ಸಾರಿ ಕೇಳ್ಬೇಕಿತ್ತು, ಕೇಳಿದ್ದು ನಾಲ್ಕು ವರ್ಷ ಆದ್ಮೇಲೆ.

ಆಮೇಲೆ ವೀಲ್‌ಚೇರಲ್ಲಿ ಬರ್ತಿದ್ದ ಆ ಅಕ್ಕ. ರ‍್ಯಾಂಪ್ ಇಳಿಜಾರು ಕರೆಕ್ಟಾಗಿ 1:12 ಇಟ್ಟಿದ್ದೀನಿ, ಒಂದು ಮೀಟರ್ ಏರೋಕೆ ಹನ್ನೆರಡು ಮೀಟರ್ ಉದ್ದ, ಅಂತ ನನಗೆ ಹೆಮ್ಮೆ. ಅವರು ಕೆಳಗೆ ಇಳಿದ್ರೆ ಚರಂಡಿ ಜಾಲರಿ ಸಂದಿಗೆ ಮುಂದಿನ ಪುಟ್ಟ ಚಕ್ರ ಸಿಕ್ಕಾಕೊಂಡು ಮುಗ್ಗರಿಸಿಬಿಟ್ರು, ನಾನು ಸಂದಿಗಳನ್ನ ಅಡ್ಡ ಇಡೋ ಬದಲು ಅವರು ಹೋಗೋ ದಿಕ್ಕಿಗೇ ಉದ್ದ ಇಟ್ಟಿದ್ದೆ. ಚೆನ್ನಾಗಿ ಬೈದ್ರು. ಆದ್ರೆ ಮುಂದಿನ ಪ್ರತಿ ಪಾರ್ಕಿಗೂ ಓಪನ್ ಆಗೋ ಮುಂಚೆ ಬಂದು ಒಂದು ರೌಂಡ್ ಹಾಕಿ ತಪ್ಪು ತೋರಿಸಿದ್ದೂ ಅವರೇ, ಒಂದು ಪೈಸೆ ತಗೊಳ್ದೆ.

ಕಾಲೇಜಿನ ನಮ್ಮ ಮೇಷ್ಟ್ರು 1858ರಲ್ಲಿ ಓಲ್ಮ್‌ಸ್ಟೆಡ್ ಮತ್ತೆ ವಾಕ್ಸ್ ಅನ್ನೋ ಇಬ್ರು ಡಿಸೈನರ್‌ಗಳು ಸೇರಿ ಸ್ಪರ್ಧೆಲಿ ಗೆದ್ದ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್ ಪ್ಲಾನನ್ನ ಇಡೀ ಒಂದು ವಾರ ಬಿಡಿಸಿ ಹೇಳಿದ್ರು. ಪಾರ್ಕ್ ಅಡ್ಡಕ್ಕೆ ಹಾಯೋ ನಾಲ್ಕು ರಸ್ತೆಗಳನ್ನ ನೆಲಕ್ಕಿಂತ ಕೆಳಗೆ ಇಳಿಸಿದ್ರಲ್ಲ, ಗಾಡಿಗಳು ಕಣ್ಣಿಗೇ ಬೀಳ್ದಂಗೆ, ಆ ಸೆಕ್ಷನ್, ಅಂದ್ರೆ ನೆಲ ಅಡ್ಡ ಸೀಳಿ ತೋರಿಸೋ ಡ್ರಾಯಿಂಗ್, ನೋಡಿದ್ಮೇಲೇ ನಾನು ಈ ಕೆಲಸಕ್ಕೆ ಬಿದ್ದಿದ್ದು. ಥ್ಯಾಂಕ್ಯೂ ಸರ್.

ಲಾನ್ ಮೇಲೆ ಅಡ್ಡದಾರಿ ಹಿಡಿದು ನಡೆದೋರಿಗೂ ಥ್ಯಾಂಕ್ಸ್, ನಿಜವಾಗ್ಲೂ. ಮೊದಮೊದಲು ಬೇಲಿ ಹಾಕಿಸ್ತಿದ್ದೆ, ಜನ ಬೇಲಿನೂ ದಾಟೋರು. ಆಮೇಲಾಮೇಲೆ ಹುಲ್ಲು ಸವೆಯೋ ತನಕ ಕಾದು ಅಲ್ಲೇ ಕಲ್ಲು ಹಾಕಿಸಿದೆ, ನನ್ನ ಚೆಂದದ ಬಳುಕು ದಾರಿಗಳಿಗಿಂತ ಅವೇ ಹೆಚ್ಚು ಬಳಕೆ ಆದ್ವು ಅನ್ನೋದು ಸ್ವಲ್ಪ ಹೊಟ್ಟೆ ಉರಿಯೋ ವಿಷ್ಯ, ಇರ್ಲಿ.

ಬಿಲ್ಲಿಗೋಸ್ಕರ ಜಗಳ ಆಡಿದ ಕಾಂಟ್ರಾಕ್ಟರ್‌ಗಳು, ಮಣ್ಣಿನ ಬೂಟಲ್ಲೇ ಒಳಗೆ ಬಂದ್ರೂ ಸುಮ್ನಿದ್ದ ಮನೆಯೋರು, ಎಲ್ರಿಗೂ ನಮಸ್ಕಾರ.

ನನ್ನ ಟೀಮಿನ ಹುಡುಗ್ರೇ, ನನ್ನ ಟೇಪು, ಲೆವೆಲ್ಲು ಎರಡನೇ ಡ್ರಾಯರಲ್ಲಿದೆ. ಬುಡಕ್ಕೆ ಮಲ್ಚ್ (ಒಣಗಿದ ಎಲೆ, ತೊಗಟೆಯ ಹೊದಿಕೆ) ಹಾಕುವಾಗ ಕಾಂಡಕ್ಕೆ ತಾಗಿಸ್ಬೇಡ್ರಪ್ಪಾ, ನಾನು ಬಂದು ಕೆದಕಿ ನೋಡ್ತೀನಿ.