ಬೇರ್ಸ್–ಡಾಲ್ಫಿನ್ಸ್ ಇನ್ನೊಮ್ಮೆ ಆಡಿದ್ದರೆ?

ಮಾನ್ಯರೇ,

ಅಮೆರಿಕನ್ ಫುಟ್‌ಬಾಲ್ ಲೀಗ್‌ನ ಫೈನಲ್ ಆದ ಸೂಪರ್ ಬೌಲ್ ಹತ್ತಿರ ಬಂತೆಂದರೆ ಕನಸಿನ ಪಂದ್ಯಗಳ ಚರ್ಚೆ ಶುರು. 1972ರ ಮಯಾಮಿ ಡಾಲ್ಫಿನ್ಸ್ ಮತ್ತು 2007ರ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಆಡಿದ್ದರೆ ಯಾರು ಗೆಲ್ಲುತ್ತಿದ್ದರು, ಅಂತ. ಓದಲು ಮಜವೇ. ಆದರೆ ಅತ್ತೆಗೆ ಮೀಸೆ ಬಂದಿದ್ದರೆ ಅನ್ನುವ ಲೆಕ್ಕ ಇದು. 1978ರಿಂದ ಐದು ಗಜ ದಾಟಿದ ರಿಸೀವರ್‌ನನ್ನು, ಅಂದರೆ ಎಸೆದ ಚೆಂಡು ಹಿಡಿಯಲು ಓಡುವವನನ್ನು, ತಳ್ಳಿ ತಡೆಯುವಂತಿಲ್ಲ. ಯಾವ ಕಾಲದ ರೂಲ್ಸ್ ಹಿಡಿದು ಆಡಿಸುತ್ತೀರಿ? ಅಲ್ಲೇ ಅರ್ಧ ಫಲಿತಾಂಶ ತೀರ್ಮಾನವಾಗಿಬಿಡುತ್ತದೆ, ಅಲ್ವಾ?

ನನ್ನನ್ನು ಕಾಡುವುದು ಕೂದಲೆಳೆಯಲ್ಲಿ ತಪ್ಪಿಹೋದ ಪಂದ್ಯ. 1985ರ ಶಿಕಾಗೊ ಬೇರ್ಸ್ ಆ ಸೀಸನ್‌ನಲ್ಲಿ ಸೋತದ್ದು ಒಂದೇ ಸಲ. ಡಿಸೆಂಬರ್ 2ರ ಸೋಮವಾರ ರಾತ್ರಿ, ಮಯಾಮಿಯಲ್ಲಿ, 38-24. ಅದರ ಹಿಂದಿನ ಎರಡು ಪಂದ್ಯಗಳಲ್ಲಿ ಎದುರಾಳಿಗೆ ಒಂದು ಪಾಯಿಂಟೂ ಕೊಡದ ತಂಡ, ಆವತ್ತು ಹಾಫ್‌ಟೈಮ್‌ಗೇ 31-10 ಹಿಂದೆ! ಬೇರ್ಸ್‌ನವರು ಮೈಮೇಲೆ ಬೀಳುವಷ್ಟರಲ್ಲಿ ಮಯಾಮಿಯ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸುವವನು) ಡ್ಯಾನ್ ಮರೀನೊ ಚೆಂಡು ಎಸೆದು ಕೈ ಖಾಲಿ ಮಾಡಿಕೊಂಡಿರುತ್ತಿದ್ದ. ಅವನ ಒಂದು ಎಸೆತ ಬೇರ್ಸ್‌ನ ಡ್ಯಾನ್ ಹ್ಯಾಂಪ್ಟನ್ ಹೆಲ್ಮೆಟ್‌ಗೆ ಬಡಿದು ಮೇಲಕ್ಕೆ ಹಾರಿ, ನೆಟ್ಟಗೆ ಮಯಾಮಿಯ ಮಾರ್ಕ್ ಕ್ಲೇಟನ್ ಕೈಗೆ ಬಿತ್ತು. ಟಚ್‌ಡೌನ್, ಅಂದರೆ ಆರು ಪಾಯಿಂಟ್. ಅದೃಷ್ಟವೂ ಅವರ ಕಡೆಗೇ ಇತ್ತು.

ಫೈನಲ್‌ನಲ್ಲಿ ಇವರಿಬ್ಬರೇ ಮತ್ತೆ ಸಿಗಬೇಕಿತ್ತು. ಮಯಾಮಿಗೆ ಬಾಕಿ ಇದ್ದದ್ದು ಒಂದೇ ಗೆಲುವು, ಅದೂ ತವರಿನಲ್ಲಿ. ಪೇಟ್ರಿಯಟ್ಸ್ ಎದುರು ಆರು ಸಲ ಚೆಂಡು ಬಿಟ್ಟುಕೊಟ್ಟು 31-14ರಲ್ಲಿ ಸೋತರು. ಎರಡು ವಾರ ಕಳೆದು ನ್ಯೂ ಆರ್ಲಿಯನ್ಸ್‌ನಲ್ಲಿ ಬೇರ್ಸ್ ಅದೇ ಪೇಟ್ರಿಯಟ್ಸ್‌ಗೆ 46-10ರ ಏಟು ಕೊಟ್ಟರು. ಇಡೀ ಪಂದ್ಯದಲ್ಲಿ ಪೇಟ್ರಿಯಟ್ಸ್ ಚೆಂಡು ಹಿಡಿದು ಓಡಿ ಗಳಿಸಿದ್ದು ಏಳೇ ಗಜ. ಅದೇನು ಫೈನಲ್ಲಾ?

ಇಲ್ಲಿ ನಮ್ಮ ಪಕ್ಕದ ಮನೆಯ ಹಿರಿಯರು ಹುಟ್ಟಾ ಬೇರ್ಸ್ ಅಭಿಮಾನಿ. ಚಳಿಗಾಲದಲ್ಲಿ ಬಾಗಿಲ ಮುಂದಿನ ಹಿಮ ಬಾಚುವಾಗ ಸಲಿಕೆ ನಿಲ್ಲಿಸಿ, 'ಮಯಾಮಿ ಬರದೇ ಇದ್ದದ್ದೇ ಪುಣ್ಯ' ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಆ ಸೋಮವಾರ ಬೇರ್ಸ್‌ನ ಕ್ವಾರ್ಟರ್‌ಬ್ಯಾಕ್ ಜಿಮ್ ಮೆಕ್‌ಮಹನ್ ಗಾಯಗೊಂಡು ಬೆಂಚಿನಲ್ಲಿದ್ದ, ಮೈದಾನಕ್ಕಿಳಿದದ್ದು ಕೊನೆಗೆ. ಮಯಾಮಿ ಫೈನಲ್‌ಗೆ ಬಂದು, ಅವನು ಮೊದಲಿನಿಂದ ಆಡಿದ್ದರೆ ಗೆಲುವು ಬೇರ್ಸ್‌ದೇ, ಆದರೆ ಐದಾರು ಪಾಯಿಂಟ್‌ಗಿಂತ ಜಾಸ್ತಿ ಅಂತರ ಇರುತ್ತಿರಲಿಲ್ಲ.

ಕ್ರೀಡಾ ಪುಟದಲ್ಲಿ ಇಂಥ ತಪ್ಪಿಹೋದ ಪಂದ್ಯಗಳನ್ನೂ ಬರೆಸಿ. 1998ರ ಮಿನ್ನೆಸೋಟ ವೈಕಿಂಗ್ಸ್‌ನಿಂದ ಶುರು ಮಾಡಬಹುದು. ಲೀಗ್ ಹಂತದಲ್ಲಿ ಒಂದು ಕಿಕ್ಕೂ ತಪ್ಪದ ಅವರ ಕಿಕ್ಕರ್ ಗ್ಯಾರಿ ಆಂಡರ್ಸನ್, ಫೈನಲ್‌ಗೆ ಒಂದೇ ಮೆಟ್ಟಿಲಿದ್ದಾಗ 38 ಗಜದ ಕಿಕ್ ತಪ್ಪಿಸಿದ.

– ಒಬ್ಬ ಓದುಗ, ಶಿಕಾಗೊ