ಆರ್‌ಟಿ ಕರ್ನಲ್ ಹಾಕಿದರೂ ಕೋರ್‌ಗೆ ನೆಮ್ಮದಿಯಿಲ್ಲ

ಮಾನ್ಯ ಸಂಪಾದಕರೇ,

2024ರಲ್ಲಿ ಬಂದ ಲಿನಕ್ಸ್ 6.12ರಿಂದ ಪ್ರೀಎಂಪ್ಟ್-ಆರ್‌ಟಿ (ತುರ್ತು ಕೆಲಸ ಗೊತ್ತಾದ ಸಮಯದೊಳಗೆ ನಡೆಯುವಂತೆ ಮಾಡುವ ರಿಯಲ್-ಟೈಮ್ ಸೌಲಭ್ಯ) ಆಪರೇಟಿಂಗ್ ಸಿಸ್ಟಂನ ತಿರುಳಾದ ಮುಖ್ಯ ಕರ್ನಲ್‌ನಲ್ಲೇ ಸಿಗುತ್ತಿದೆ. ಅದನ್ನು ಆನ್ ಮಾಡಿ, ಕಂಟ್ರೋಲ್ ಲೂಪಿಗೆ (ಯಂತ್ರವನ್ನು ಹೊತ್ತುಹೊತ್ತಿಗೆ ನಿಯಂತ್ರಿಸುವ ಪ್ರೋಗ್ರಾಂಗೆ) ಪ್ರೊಸೆಸರ್‌ನ ಒಂದು ಕೋರ್ ಮೀಸಲಿಟ್ಟರೆ ಮುಗಿಯಿತು ಎನ್ನುವವರಿದ್ದಾರೆ. ಮುಗಿಯುವುದಿಲ್ಲ. ಹಾಗೆ ಪ್ರತ್ಯೇಕಿಸಿದ ಕೋರ್‌ಗೂ ಉಳಿದ ಕೋರ್‌ಗಳಿಂದ ಇಂಟರಪ್ಟ್ (ನಡೆಯುತ್ತಿರುವ ಕೆಲಸ ತಡೆಯುವ ಸಂಕೇತ) ಬರುತ್ತದೆ. ಕರ್ನಲ್ ಓಡುತ್ತಲೇ ತನ್ನ ಕೋಡ್ ತಿದ್ದಿಕೊಳ್ಳುವುದು ಅದಕ್ಕೊಂದು ಕಾರಣ.

ಅಪರೂಪಕ್ಕೆ ಬದಲಾಗುವ ಆಯ್ಕೆಯೊಂದನ್ನು ಪ್ರತಿ ಸಲ ಮೆಮೊರಿಯಿಂದ ಓದುವ ಬದಲು, ಕರ್ನಲ್ ಆ ಜಾಗದಲ್ಲಿ ನೋ-ಆಪ್ (ಏನೂ ಮಾಡದ) ಅಥವಾ ಜಂಪ್ (ಬೇರೆಡೆಗೆ ಹಾರುವ) ಸೂಚನೆಯನ್ನೇ ಬರೆದಿಡುತ್ತದೆ. ಆಯ್ಕೆ ಬದಲಾದರೆ ಆ ಸೂಚನೆಯನ್ನೇ ತಿದ್ದುತ್ತದೆ. ಇದೇ ಸ್ಟ್ಯಾಟಿಕ್ ಕೀ. ಎಕ್ಸ್86 (ಇಂಟೆಲ್, ಎಎಂಡಿ) ಪ್ರೊಸೆಸರ್‌ಗಳಲ್ಲಿ ಈ ಸೂಚನೆ ಸಾಮಾನ್ಯವಾಗಿ 5 ಬೈಟಿನದು, ಒಂದೇ ಏಟಿಗೆ ಬದಲಿಸುವಂತಿಲ್ಲ. ಮೊದಲ ಬೈಟಿನಲ್ಲಿ ಬ್ರೇಕ್‌ಪಾಯಿಂಟ್ (ಅಲ್ಲಿಗೆ ಬಂದ ಕೋರನ್ನು ತಡೆಯುವ ಸೂಚನೆ), ಆಮೇಲೆ ಉಳಿದ 4 ಬೈಟ್, ಕೊನೆಗೆ ಮೊದಲ ಬೈಟಿನ ನಿಜವಾದ ಬೆಲೆ. ಪ್ರತಿ ಹಂತದ ನಂತರ, ಹಳೆಯ ಸೂಚನೆಯನ್ನು ಮುಂಚೆಯೇ ತಂದಿಟ್ಟುಕೊಂಡ ಕೋರ್ ಅದನ್ನು ಬಿಸಾಡಲೆಂದು ಎಲ್ಲ ಕೋರ್‌ಗಳಿಗೂ ಐಪಿಐ (ಒಂದು ಕೋರ್ ಇನ್ನೊಂದಕ್ಕೆ ಕಳಿಸುವ ಇಂಟರಪ್ಟ್) ಹೋಗುತ್ತದೆ. ಒಟ್ಟು 3 ಸುತ್ತು. ಹಿಂದೆ ಒಂದೇ ಕೀ 20 ಕಡೆ ಬಳಕೆಯಲ್ಲಿದ್ದರೆ 60 ಸುತ್ತು ಆಗುತ್ತಿತ್ತು. ಕರ್ನಲ್ ಎಂಜಿನಿಯರ್ ಡ್ಯಾನಿಯಲ್ ಬ್ರಿಸ್ಟಾಟ್ ಡಿ ಒಲಿವೇರಾ ಅವರ 2019ರ ಬದಲಾವಣೆ ಅವನ್ನು ಒಟ್ಟುಗೂಡಿಸಿ ಮತ್ತೆ 3ಕ್ಕೆ ಇಳಿಸಿತು. ಇಳಿಯಿತು ನಿಜ, ಸೊನ್ನೆಯಾಗಲಿಲ್ಲ.

ಪತ್ತೆ ಹಚ್ಚುವುದು ಸುಲಭ. /ಪ್ರಾಕ್/ಇಂಟರಪ್ಟ್ಸ್ ಕಡತದ ‘ಸಿಎಎಲ್’ ಸಾಲಿನಲ್ಲಿ (ಇಂಥ ಇಂಟರಪ್ಟ್‌ಗಳ ಎಣಿಕೆ) ಮೀಸಲು ಕೋರ್‌ನ ಅಂಕಿ ಬರೆದಿಟ್ಟುಕೊಳ್ಳಿ. ಇನ್ನೊಂದು ಕೋರ್‌ನಿಂದ ಶೆಡ್ಯೂಲರ್ (ಕೆಲಸಗಳಿಗೆ ಕೋರ್ ಹಂಚುವ ಭಾಗ) ಅಂಕಿಅಂಶದ ಸಿಸ್‌ಕಂಟ್ರೋಲ್ ಆಯ್ಕೆ ‘ಶೆಡ್‌ಸ್ಟ್ಯಾಟ್ಸ್’ ಅನ್ನು 0ಯಿಂದ 1ಕ್ಕೆ ತಿರುಗಿಸಿ. ಅಂಕಿ ಏರಿದರೆ ಕಾರಣ ಈ ಕೋಡ್ ತಿದ್ದುವಿಕೆಯೇ. ವಿಳಂಬ ಅಳೆಯುವ ಸೈಕ್ಲಿಕ್‌ಟೆಸ್ಟನ್ನು ಖಾಲಿ ಯಂತ್ರದಲ್ಲಿ ಗಂಟೆಗಟ್ಟಲೆ ಓಡಿಸಿದರೂ ಇದು ಕಾಣದು. ಪರೀಕ್ಷೆಯ ನಡುವೆ ಕೀ ತಿರುಗಬೇಕು.

ಹೆಚ್ಚು ಜನ ಗಮನಿಸದ್ದು ನೆಟ್‌ವರ್ಕ್ ಟೈಮ್‌ಸ್ಟ್ಯಾಂಪ್, ಅಂದರೆ ಪ್ಯಾಕೆಟ್‌ಗೆ ಹಾಕುವ ಸಮಯದ ಗುರುತು. ಯಾವುದೋ ಪ್ರೋಗ್ರಾಂ ಟೈಮ್‌ಸ್ಟ್ಯಾಂಪ್ ಕೇಳುವ ಮೊದಲ ಸಾಕೆಟ್ (ನೆಟ್‌ವರ್ಕ್ ಸಂಪರ್ಕದ ಕೊಂಡಿ) ತೆರೆದಾಗ ಕೀ ಆನ್, ಅಂಥ ಕೊನೆಯ ಸಾಕೆಟ್ ಮುಚ್ಚಿದಾಗ ಆಫ್. ಎರಡು ಸಲವೂ ಐಪಿಐ. ಬೂಟ್ ಹೊತ್ತಿಗೇ ಅಂಥದ್ದೊಂದು ಸಾಕೆಟ್ ತೆರೆದು ಸುಮ್ಮನೆ ಹಿಡಿದುಕೊಂಡಿರುವ ಪುಟ್ಟ ಡೀಮನ್ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ) ಸಾಕು, ಕೀ ಮತ್ತೆ ಅಲುಗುವುದಿಲ್ಲ. ಶೆಡ್‌ಸ್ಟ್ಯಾಟ್ಸ್ ಬೇಕಿದ್ದರೆ ಬೂಟ್ ಪ್ಯಾರಾಮೀಟರ್‌ನಲ್ಲೇ ಕೊಡಿ. ಇವೂ ಓಡುವ ಕರ್ನಲ್‌ನ ಕೋಡ್ ತಿದ್ದುತ್ತವೆ: ಜಾಡು ಹಿಡಿಯುವ ಎಫ್‌ಟ್ರೇಸ್, ಕೆಪ್ರೋಬ್, ರೀಬೂಟ್ ಇಲ್ಲದೆ ದೋಷ ಸರಿಪಡಿಸುವ ಲೈವ್‌ಪ್ಯಾಚ್. ಯಾವುದೂ ಯಂತ್ರ ಕೆಲಸದಲ್ಲಿರುವಾಗ ಬೇಡ. ‘ಒಂದು ನಿಮಿಷ ಟ್ರೇಸ್ ಹಾಕಿ ನೋಡೋಣ’ ಎನ್ನುವುದೇ ಎಷ್ಟೋ ಸಲ ಹುಡುಕುತ್ತಿರುವ ವಿಳಂಬವನ್ನು ತಾನೇ ಹುಟ್ಟಿಸುತ್ತದೆ!

ಇಷ್ಟೂ ಸಾಲದಿದ್ದರೆ ಸ್ಟ್ಯಾಟಿಕ್ ಕೀಗಳ ಕೋಡ್ ತಿದ್ದುವ ಜಂಪ್ ಲೇಬಲ್ ಆಯ್ಕೆಯನ್ನೇ ತೆಗೆದು ಕರ್ನಲ್ ಬಿಲ್ಡ್ ಮಾಡಬಹುದು. ಆಗ ಪ್ರತಿ ಕೀಯೂ ಒಂದು ಮೆಮೊರಿ ಓದು, ಒಂದು ಷರತ್ತು ಆಗುತ್ತದೆ. ಸರಾಸರಿ ವೇಗ ಸ್ವಲ್ಪ ತಗ್ಗೀತು. ಆದರೆ ಕಂಟ್ರೋಲ್ ಲೂಪಿಗೆ ಬೇಕಿರುವುದು ಸರಾಸರಿಯಲ್ಲ, ಅತಿ ಕೆಟ್ಟ ಗಳಿಗೆಯ ಲೆಕ್ಕ. ಎಫ್‌ಟ್ರೇಸ್, ಕೆಪ್ರೋಬ್‌ಗಳ ತಿದ್ದುವಿಕೆ ಮಾತ್ರ ಇದರಿಂದ ನಿಲ್ಲದು. ಅವನ್ನು ಬೇರೆಯಾಗಿಯೇ ತೆಗೆಯಬೇಕು.

— ಒಬ್ಬ ಕರ್ನಲ್ ಎಂಜಿನಿಯರ್, ಬೆಂಗಳೂರು